ಮಾಲೀಕರ ಹೆಸರು: ಅಕ್ಕ

ಗೊಟ್ಟಿಗೆರೆಯ ಆ ಹುಡುಗಿ ಜಯನಗರದ ನಮ್ಮ ಆಫೀಸಿಗೆ ಬಂದು ಮೊದಲು ತೋರಿಸಿದ್ದು ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳ ಫೋಟೊ. ಚಪ್ಪಡಿಗಳ ಕೆಳಗೆ ಒಂದು ಹಳೆಯ ಬಾವಿ ಇದೆ, ಅದು ತಮ್ಮ ಮನೆಯ ಹಿತ್ತಲು, ಅಪ್ಪ ಅದನ್ನು ಮಣ್ಣು ತುಂಬಿ ಮುಚ್ಚಿ ಪಕ್ಕದ ಪಿಜಿ ಕಟ್ಟಡಕ್ಕೆ ಪಾರ್ಕಿಂಗ್ ಮಾಡಲು ಹೊರಟಿದ್ದಾರೆ ಎಂದಳು. ಅವಳಿಗೂ ಅವಳ ಕಾಲೇಜಿನ ಗೆಳೆಯರಿಗೂ ಬೇರೆ ಯೋಚನೆಯಿತ್ತು. ಹೂಳು ತೆಗೆದು, ಸುತ್ತಲಿನ ಮನೆಗಳ ತಾರಸಿಯ ಮಳೆನೀರನ್ನು ಅತ್ತ ತಿರುಗಿಸಿ, ಬೀದಿಗೆಲ್ಲ ಬಳಕೆಗೆ ಬರುವ ಬಾವಿ ಮಾಡಬೇಕು ಎಂದು. ಅಪ್ಪ ಒಂದು ಷರತ್ತು ಹಾಕಿದ್ದರು. ಹೊರಗಿನ ಯಾರಾದರೂ ಇದನ್ನು ಮೆಚ್ಚಿ ಅನುದಾನವನ್ನೋ ಪ್ರಶಸ್ತಿಯನ್ನೋ ಕೊಟ್ಟರೆ ಬಾವಿ ಉಳಿಯುತ್ತದೆ, ಇಲ್ಲವಾದರೆ ದಸರಾ ಕಳೆದ ಮೇಲೆ ಕಾಂಕ್ರೀಟ್.

ಯುವಕರ ತಂಡಗಳಿಗೆ ಅನುದಾನ, ಪ್ರಶಸ್ತಿ ಹುಡುಕಿಕೊಡುವುದು ನನ್ನ ಕೆಲಸ. ಮದುವೆ ದಲ್ಲಾಳಿಯ ಕೆಲಸಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಕಡೆಯವರು ಹೇಳುವುದು ಒಂದು, ಇರುವುದು ಇನ್ನೊಂದು, ನಡುವೆ ನಾನು ಎರಡೂ ಕಡೆಗೆ ಸಕ್ಕರೆ ಹಾಕಿ ಮಾತಾಡಬೇಕು. ಬಾವಿಗೆ ವರ ಹುಡುಕುವುದು ಸುಲಭ ಎಂದುಕೊಂಡಿದ್ದೆ. ನೀರು ಎಂದರೆ ಎಲ್ಲರೂ ಕರಗುತ್ತಾರೆ. ಆದರೆ ಮೊದಲು ಸಿಕ್ಕ ಅನುದಾನಕ್ಕೆ ನೋಂದಾಯಿತ ಟ್ರಸ್ಟ್ ಬೇಕಿತ್ತು, ಜೊತೆಗೆ ಹಿಂದಿನ ವರ್ಷಗಳ ಆಡಿಟ್. ಈ ಹುಡುಗರ ತಂಡಕ್ಕೆ ಇದ್ದದ್ದು ಒಂದು ವಾಟ್ಸಾಪ್ ಗುಂಪು ಮಾತ್ರ. ಇನ್ನೊಂದು ಕಡೆ ಆ್ಯಪ್ ಇಲ್ಲದ ಯೋಜನೆಯನ್ನು ಹೊಸತು ಎಂದು ಒಪ್ಪುವುದಿಲ್ಲ ಎಂದರು. ಬಾವಿಗೆ ಆ್ಯಪ್ ಯಾಕೆ, ಹಗ್ಗ ಸಾಕಲ್ಲ ಎಂದು ನಾನು ಫೋನಿನಲ್ಲೇ ಕೇಳಿಬಿಟ್ಟೆ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಕೊನೆಗೆ ಒಂದು ಪ್ರತಿಷ್ಠಾನದ ಯುವ ಪ್ರಶಸ್ತಿ ಕಣ್ಣಿಗೆ ಬಿತ್ತು. ನೋಂದಣಿ ಬೇಡ, ನಮ್ಮಂಥ ಸಂಸ್ಥೆಯೊಂದು ಜಾಮೀನು ನಿಂತರೆ ಸಾಕು. ನಿಯಮಾವಳಿಯಲ್ಲಿ ಒಂದೇ ಬಿಗಿ ಮಾತು. ಕೆಲಸ ಯುವಜನರ ಕೈಯಿಂದಲೇ ಆಗಬೇಕು, ಕೂಲಿಗೆ ಕೊಟ್ಟು ಮಾಡಿಸುವಂತಿಲ್ಲ. ತಂಡದ ಮುಖ್ಯಸ್ಥರು ಪರಿಶೀಲನಾಧಿಕಾರಿಯ ಎದುರು ಮೊದಲ ದಿನದ ಕೆಲಸ ತಾವೇ ಶುರು ಮಾಡಬೇಕು, ಅದರ ಫೋಟೊ ತೀರ್ಪುಗಾರರಿಗೆ ಹೋಗಬೇಕು. ಬಾವಿಯ ಕೆಲಸದಲ್ಲಿ ಹಾಗೆಂದರೆ ಏನರ್ಥ ಎಂದು ನಾನು ಆಗ ಯೋಚಿಸಲಿಲ್ಲ. ಹುಡುಗಿ ಯೋಚಿಸಿದ್ದಳು. ನಾನೇ ಇಳೀತೀನಿ ಮೇಡಂ ಎಂದು ಅಲ್ಲೇ ಹೇಳಿದ್ದಳು. ನಾನು ಶಹಭಾಸ್ ಎಂದಿದ್ದೆ.

ಅರ್ಜಿ ಬರೆಯುವ ಮೊದಲು ಜಾಗ ನೋಡದೆ ನಾನು ಬರೆಯುವವಳಲ್ಲ. ಗೌರಿ ಹಬ್ಬದ ದಿನ ಗೊಟ್ಟಿಗೆರೆಗೆ ಹೋದೆ. ಬನ್ನೇರುಘಟ್ಟ ರಸ್ತೆಯ ಸದ್ದೆಲ್ಲ ಆ ಓಣಿಯ ಬಾಯಿಗೇ ನಿಂತುಬಿಡುತ್ತದೆ. ಮುಂದೆ ಹಳೆಯ ಮನೆ, ಮಗ್ಗುಲಲ್ಲಿ ಬಾಡಿಗೆಗೆ ಕೊಟ್ಟ ಎತ್ತರದ ಕಟ್ಟಡ, ಹಿಂದೆ ಹಿತ್ತಲು. ಬೆಂಗಳೂರಿನಲ್ಲಿ ಅಂಗೈ ಅಗಲ ನೆಲ ಖಾಲಿಯಿದ್ದರೂ ಯಾರಾದರೂ ಸ್ಕೂಟರ್ ತಂದು ನಿಲ್ಲಿಸುತ್ತಾರೆ. ಅಲ್ಲಿ ಒಂದೂ ಇರಲಿಲ್ಲ. ಬಟ್ಟೆ ಒಣಹಾಕುವ ತಂತಿ ಕೂಡ ಚಪ್ಪಡಿಗಳನ್ನು ತಪ್ಪಿಸಿ ಸುತ್ತು ಹಾಕಿ ಹೋಗಿತ್ತು. ಯಾಕೆಂದು ಕೇಳಿದರೆ ಹುಡುಗಿಗೆ ಗೊತ್ತಿರಲಿಲ್ಲ. ಮುಂಚೆಯಿಂದ ಹಾಗೇ ಎಂದಳು.

ಅವಳ ಅಜ್ಜಿ ಆ ಮನೆಯ ಸೊಸೆಯಲ್ಲ, ಮಗಳು. ತಾತ ಮನೆಯಳಿಯನಾಗಿ ಬಂದವರು. ಹಾಗಾಗಿ ಜಾಗದ ಖಾತೆ ಅಜ್ಜಿಯ ಹೆಸರಿನಲ್ಲಿತ್ತು. ನಾನು ಹೋದಾಗ ಅಜ್ಜಿ ಹಿಂಬಾಗಿಲ ಹೊಸಿಲಿನೊಳಗೆ ನಿಂತು, ಮೊರದಲ್ಲಿ ಅರಿಸಿನ ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟು ಮೊಮ್ಮಗಳ ಕೈಗೆ ಕೊಡುತ್ತಿದ್ದರು. ಹುಡುಗಿ ಅದನ್ನು ಒಯ್ದು ಚಪ್ಪಡಿಯ ಮೇಲಿಟ್ಟು ಬಂದಳು. ಅಜ್ಜಿ ಮಾತ್ರ ಹೊಸಿಲು ದಾಟಲಿಲ್ಲ. ಬಾಗಿನ ಯಾರಿಗೆ ಅಜ್ಜಿ ಎಂದು ಕೇಳಿದೆ.

'ಅಕ್ಕಂಗೆ' ಎಂದರು. ಅಷ್ಟೇ.

ನನಗೆ ಅಷ್ಟೇ ಸಾಕಾಯಿತು. ಈ ಕಡೆಯ ಹಳೇ ಊರುಗಳಲ್ಲಿ ಅಕ್ಕಮ್ಮ, ಅಕ್ಕಯ್ಯಮ್ಮ ಎಂಬ ದೇವತೆಯರ ಗುಡಿಗಳು ಇದ್ದೇ ಇವೆ. ಇದೂ ಅಂಥ ಒಂದು ಗಂಗಮ್ಮ ಎಂದುಕೊಂಡೆ. ತೀರ್ಪುಗಾರರಿಗೆ ಇಂಥದ್ದು ಬಹಳ ರುಚಿಸುತ್ತದೆ. ಯೋಜನೆಗೆ 'ಅಕ್ಕನ ಬಾವಿ' ಎಂದು ಹೆಸರಿಟ್ಟು, ಆಸ್ತಿ ಯಾರದು ಎಂಬ ಕಡೆ ಇಂಗ್ಲಿಷಿನಲ್ಲಿ ಸೊಗಸಾಗಿ, ಊರಿನವರ ಪಾಲಿಗೆ ಈ ಬಾವಿ ಎಂದಿಗೂ ಅಕ್ಕನದೇ ಎಂದು ಬರೆದೆ. ಅಜ್ಜಿಯ ಖಾತೆಯ ಪ್ರತಿಯನ್ನು ಬೇರೆಯಾಗಿ ಲಗತ್ತಿಸಿದೆ. ಅಪಾಯಗಳೇನು ಎಂಬ ಪ್ರಶ್ನೆಗೆ ಉಳಿದಿದ್ದ ಜಾಗದಲ್ಲಿ ಎರಡು ಸಾಲು ಹಾಕಿದೆ. ಹಗ್ಗ, ಹೆಲ್ಮೆಟ್, ಪ್ರಥಮ ಚಿಕಿತ್ಸೆ. ನೋಡಲು ಅಚ್ಚುಕಟ್ಟಾಗಿತ್ತು.

ಅಂತಿಮ ಸುತ್ತಿಗೆ ಆಯ್ಕೆಯಾಗಿದೆ ಎಂಬ ಮೇಲ್ ಬಂತು. ಹುಡುಗರು ಆಫೀಸಿನಲ್ಲಿ ಕುಣಿದರು. ಮೇಲ್‌ನ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಪರಿಶೀಲನೆಯ ದಿನ ಮಾಲೀಕರಾದ ಶ್ರೀಮತಿ ಅಕ್ಕ ಅವರು ಸ್ಥಳದಲ್ಲಿ ಹಾಜರಿರುತ್ತಾರೆಯೇ, ಅವರ ಬಾಯಿಮಾತಿನ ಒಪ್ಪಿಗೆ ಬೇಕು. ಓದಿ ಓದಿ ನಕ್ಕೆವು. ಅಕ್ಕ ದೇವತೆ, ಮಾಲೀಕರು ಬೇರೆ, ಖಾತೆ ನೋಡಿ ಎಂದು ಉತ್ತರ ಬರೆದೆ. ಅಂಥ ಉತ್ತರಗಳನ್ನು ಓದುವವರು ಒಬ್ಬರು, ಸ್ಥಳಕ್ಕೆ ಬರುವವರು ಇನ್ನೊಬ್ಬರು. ಅದು ನನಗೆ ಗೊತ್ತಿರಬೇಕಿತ್ತು.

ಪರಿಶೀಲನೆಯ ಹಿಂದಿನ ಸಂಜೆ ಸರಪಳಿ ರಾಟೆ ತರಿಸಿ ಚಪ್ಪಡಿಗಳನ್ನು ಎತ್ತಿಸಿದೆವು. ನಾನು ಬಗ್ಗಿ ನೋಡಿದೆ. ಸುತ್ತ ಕಲ್ಲಿನ ಗೋಡೆ, ಅದರಿಂದ ಹೊರಚಾಚಿದ ಮೆಟ್ಟಿಲುಗಳು ಸುತ್ತಿಕೊಂಡು ಕತ್ತಲೆಗೆ ಇಳಿದಿದ್ದವು. ವಾಸನೆ ಇರಲಿಲ್ಲ. ಅಷ್ಟು ವರ್ಷ ಮುಚ್ಚಿದ್ದ ಬಾವಿಯಿಂದ ಕೊಳೆತದ್ದೋ ಪಾಚಿಯದ್ದೋ ಏನಾದರೊಂದು ವಾಸನೆ ಬರಬೇಕಿತ್ತಲ್ಲ ಎಂದು ನನಗೆ ಅನ್ನಿಸಿತು. ತಣ್ಣನೆಯದೊಂದು ಮುಖಕ್ಕೆ ತಾಗಿತು. ಗಾಳಿ ಎನ್ನಲಾರೆ, ಅದು ಅಲುಗಾಡುತ್ತಿರಲಿಲ್ಲ. ಪಕ್ಕದ ಕಟ್ಟಡದ ಪಾರಿವಾಳಗಳು ಹಿತ್ತಲಿನ ಗೋಡೆಯವರೆಗೆ ಬಂದು ಕೂತವು, ಬಾವಿಯ ಮೇಲೆ ಹಾಯಲಿಲ್ಲ. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಮರುದಿನ ಅಧಿಕಾರಿ ಬರುವ ಹೊತ್ತಿಗೆ ಮಟಮಟ ಮಧ್ಯಾಹ್ನ. ನಾನೂ ಹುಡುಗರೂ ಅವರನ್ನು ಎದುರುಗೊಳ್ಳಲು ಬಸ್ ಸ್ಟಾಪಿನಲ್ಲಿ ಕಾದಿದ್ದೆವು. ಅವರು ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬದ, ಉತ್ತರದ ಕಡೆಯ ಯುವಕ. ಸುದ್ದಗುಂಟೆಪಾಳ್ಯದ ತಮ್ಮ ರೂಮಿನಿಂದ ಆಟೋದಲ್ಲಿ ಹೊರಟವರು ಮ್ಯಾಪ್ ತೋರಿಸಿದ ದಾರಿಯಲ್ಲಿ ನೇರ ಹಿಂದಿನ ಓಣಿಗೆ ಹೋಗಿಬಿಟ್ಟಿದ್ದರು. ಫೋನ್ ಮಾಡಿ, ತಾವು ಬಾವಿಯ ಹತ್ತಿರವೇ ಇರುವುದಾಗಿ ಹೇಳಿದರು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಎಂದು ನಾನು ತಮಾಷೆ ಮಾಡುತ್ತಲೇ ಹುಡುಗರೊಂದಿಗೆ ಓಡಿದೆ.

ನಾವು ಹೋದಾಗ ಅಧಿಕಾರಿ ಒಬ್ಬರೇ ಹಿತ್ತಲಿನಲ್ಲಿ ನಿಂತು ಟ್ಯಾಬ್‌ನಲ್ಲಿ ಏನೋ ಗುರುತು ಹಾಕುತ್ತಿದ್ದರು. ಬಹಳ ಖುಷಿಯಲ್ಲಿದ್ದರು. ಮಾಲೀಕರ ಜೊತೆ ಮಾತಾಯಿತು, ಒಪ್ಪಿಗೆ ಸಿಕ್ಕಿತು, ಆ ಕೆಲಸ ಮುಗಿದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಯಾವ ಮಾಲೀಕರು ಎಂದೆ. ಅಕ್ಕ ಎಂದರು. ಹಿಂದಿನ ಗೇಟು ತೆಗೆದವರೂ ಅವರೇ ಅಂತೆ. ಇವರು 'ಅಕ್ಕ?' ಎಂದು ಕೇಳಿದ್ದಾರೆ, ಆಕೆ ಹೂಂ ಎಂದಿದ್ದಾಳೆ.

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಈ ಊರಿನಲ್ಲಿ ಅಕ್ಕ ಎಂದರೆ ಯಾವ ಹೆಂಗಸು ತಾನೇ ಹೂಂ ಅನ್ನುವುದಿಲ್ಲ? ಬಾಡಿಗೆಗೆ ಇರುವವರಲ್ಲಿ ಯಾರೋ ಇರಬೇಕು ಎಂದುಕೊಂಡೆ. ಸರಿ, ಆಕೆ ಏನೆಂದಳು ಎಂದು ಕೇಳಿದೆ. ಅಧಿಕಾರಿ ಕನ್ನಡವನ್ನು ಎಚ್ಚರದಿಂದ, ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು.

'ಇಲೀ ಬಿಡಿ.'

ಹುಡುಗಿ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುತ್ತಿದ್ದಳು. ಇಲಿ ಯಾಕೆ ಬಿಡಬೇಕು ಸಾರ್ ಎಂದು ನಕ್ಕಳು. ಹಗ್ಗ ಹಿಡಿದಿದ್ದ ಗೆಳೆಯ, 'ಇಳೀಲಿ ಬಿಡಿ ಅಂದಿರ್ತಾರೆ ಮಗಾ' ಎಂದ. ಎಲ್ಲರಿಗೂ ಸಮಾಧಾನವಾಯಿತು. ಇವಳು ಇಳಿಯಲಿ ಎಂದು ಮನೆಯ ಹೆಂಗಸೊಬ್ಬಳು ಹೇಳಿದ್ದಾಳೆ, ಇನ್ನೇನು. ಹುಡುಗಿ ಕಟ್ಟೆ ದಾಟಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಧಿಕಾರಿ ಫೋಟೊಗೆ ಕೋನ ನೋಡತೊಡಗಿದರು.

ನನ್ನ ಕೆಲಸವೇ ಬೇರೆಯವರ ಮಾತನ್ನು ಇನ್ನೊಂದು ಭಾಷೆಗೆ ದಾಟಿಸುವುದು. ಅರ್ಧ ಕೇಳಿಸಿದ ಮಾತು ನನ್ನನ್ನು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡುತ್ತದೆ. ಳ ಬಾರದವರ ಬಾಯಲ್ಲಿ ಇಳಿ ಎಂಬುದು ಇಲಿಯಾಗುತ್ತದೆ, ಅದು ಸರಿ. ಬಿಡಿ? ಅಧಿಕಾರಿಯನ್ನು ಇನ್ನೊಮ್ಮೆ ಹೇಳಿಸಿದೆ. 'ಇಲೀ ಬೀಡಿ' ಎಂದರು. ಮತ್ತೊಮ್ಮೆ ಹೇಳಿಸಿದೆ. ಈ ಸಲ ಅದು ಬಿಡಿಗೂ ಬೇಡಿಗೂ ನಡುವೆ ಎಲ್ಲೋ ನಿಂತಿತು. ಇಳೀಬೇಡಿ.

ಹೇಳುವಾಗ ಆಕೆ ಹೇಗೆ ನಿಂತಿದ್ದಳು, ತೋರಿಸಿ ಎಂದೆ. ಅವರು ಒಂದು ಕ್ಷಣ ಯೋಚಿಸಿ, ತಲೆಯನ್ನು ಆಚೀಚೆ ಆಡಿಸಿದರು. ನಮ್ಮ ಕಡೆಯವರು ಹೌದು ಎನ್ನಲು ಹೀಗೇ ಮಾಡುತ್ತಾರೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರಂತೆ. ಆಮೇಲೆ ಇನ್ನೊಂದು ನೆನಪಾಗಿ, ಆಕೆ ಮಾತಾಡುವಾಗಲೆಲ್ಲ ಸೆರಗನ್ನು ಹೀಗೆ ಹಿಡಿದಿದ್ದಳು ಎಂದು ತಮ್ಮ ಕೈಯನ್ನು ಮೂಗು ಬಾಯಿಗೆ ಒತ್ತಿ ತೋರಿಸಿದರು. ಧೂಳಿಗೆ ಇರಬೇಕು ಎಂದರು.

ಹಿತ್ತಲಿನಲ್ಲಿ ಧೂಳು ಇರಲಿಲ್ಲ. ಚಪ್ಪಡಿ ಎತ್ತಿಸಿದ ಮೇಲೆ ನಾವೇ ನೀರು ಚಿಮುಕಿಸಿದ್ದೆವು.

'ಮೇಲೆ ಬಾ' ಎಂದೆ ಹುಡುಗಿಗೆ.

'ಮೇಡಂ, ಫೋಟೊಗೆ ಇನ್ನೆರಡು ಮೆಟ್ಲು ಇಳಿದ್ರೆ ಸಾಕು.'

'ಮೇಲೆ ಬಾ ಅಂದೆ.'

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಮುಖ ಊದಿಸಿಕೊಂಡು ಮೇಲೆ ಬಂದಳು. ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡಬೇಕು, ಒಳಗೆ ಕೆಟ್ಟ ಗಾಳಿ ಇದ್ದರೆ ಅದು ಆರುತ್ತದೆ ಎಂಬುದು ನಾನು ಶಾಲೆಯಲ್ಲಿ ಓದಿದ್ದ ಪಾಠ. ಅರ್ಜಿ ಬರೆಯುವಾಗ ನೆನಪಾಗದ್ದು ಆಗ ನೆನಪಾಯಿತು. ದೇವರ ಮನೆಯಿಂದ ಒಂದು ಹಣತೆ ತರಿಸಿ, ಬಕೆಟ್ಟಿನಲ್ಲಿಟ್ಟು, ಹಗ್ಗದಲ್ಲಿ ಮೆಲ್ಲಗೆ ಬಿಟ್ಟೆವು. ಮೆಟ್ಟಿಲುಗಳ ಪಕ್ಕ ಅದು ನೆಟ್ಟಗೆ ಉರಿಯುತ್ತ ಇಳಿಯಿತು. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಆರಿತು. ಓಲಾಡಲಿಲ್ಲ, ಕುಗ್ಗಲಿಲ್ಲ, ಯಾರೋ ಬೆರಳಲ್ಲಿ ಅದುಮಿದ ಹಾಗೆ ಆರಿತು. ಮತ್ತೆ ಹಚ್ಚಿ ಇಳಿಸಿದೆವು. ಅದೇ ಜಾಗದಲ್ಲಿ ಅದೇ ಥರ ಆರಿತು. ಹುಡುಗಿ ಇನ್ನೆರಡು ಮೆಟ್ಟಿಲು ಇಳಿದು ಹೂಳು ನೋಡಲು ಬಗ್ಗಿದ್ದರೆ ಅವಳ ಮುಖ ಅಲ್ಲೇ ಇರುತ್ತಿತ್ತು. ಹಗ್ಗ ಹಿಡಿದಿದ್ದ ಗೆಳೆಯ ಅವಳ ಸೊಂಟದ ಗಂಟು ಬಿಚ್ಚಿದ.

ಅಧಿಕಾರಿ ಒಳ್ಳೆಯವರು, ಆದರೆ ಅವರ ಕೈಯಲ್ಲಿ ನಿಯಮವಿತ್ತು. ಹಾಗಾದರೆ ಕೆಲಸ ಯಾರು ಶುರು ಮಾಡುತ್ತಾರೆ ಎಂದು ಕೇಳಿದರು. ಕಸುಬುದಾರರು ಇಳಿದರೆ ಅದು ಯುವಜನರ ಕೈಕೆಲಸ ಎನಿಸಿಕೊಳ್ಳುವುದಿಲ್ಲ, ತೀರ್ಪುಗಾರರು ಒಪ್ಪುವುದಿಲ್ಲ ಎಂದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ, ಹಾಗೇ ಬರೆದುಕೊಳ್ಳಿ ಎಂದೆ. ಹುಡುಗಿ ಅತ್ತಳು. 'ಅಪ್ಪ ಬಾವಿ ಮುಚ್ಚಿಬಿಡ್ತಾರೆ ಮೇಡಂ, ನಿಮಗೇನು' ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಸಂಜೆಗೆ ನಾನು ಜಯನಗರದ ಬಸ್ಸು ಹತ್ತುವವಳು.

ಎಚ್ಚರಿಸಿದ ಆ ಹೆಂಗಸಿಗೆ ಒಂದು ಮಾತು ಹೇಳೋಣವೆಂದು ಪಕ್ಕದ ಕಟ್ಟಡದಲ್ಲಿ ವಿಚಾರಿಸಿದೆವು. ಪಿಜಿಯ ಹುಡುಗಿಯರೆಲ್ಲ ಕೆಲಸಕ್ಕೆ ಹೋಗಿದ್ದರು. ಅಡುಗೆಯವಳು ಆ ದಿನ ಹಿತ್ತಲ ಕಡೆ ಬಂದೇ ಇರಲಿಲ್ಲ. ಹಿಂದಿನ ಗೇಟಿಗೆ ಒಳಗಿನಿಂದ ಚಿಲಕ ಇರುತ್ತದೆ, ತೆಗೆದವರು ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕ್ಷಮೆ ಕೇಳಿ ಹೊರಡೋಣವೆಂದು ಅಧಿಕಾರಿ ಅಜ್ಜಿಯ ಬಳಿ ಬಂದರು. ಅಜ್ಜಿ ಮುಂಬಾಗಿಲ ಜಗಲಿಯಲ್ಲಿ ಕೂತಿದ್ದರು. ನಡೆದದ್ದನ್ನೆಲ್ಲ ನಾನು ಹೇಳಿದೆ. ಅಜ್ಜಿ ಬೇರೇನೂ ಕೇಳಲಿಲ್ಲ, ಆಕೆಗೆ ಎಷ್ಟು ವಯಸ್ಸು ಎಂದರು. ನಾನು ಅಲ್ಲಿಯವರೆಗೆ ಆಕೆಯನ್ನು ಯಾರೋ ನಡುವಯಸ್ಸಿನವಳು ಎಂದೇ ಅಂದುಕೊಂಡಿದ್ದೆ. ಅಧಿಕಾರಿ, ತನಗಿಂತ ಚಿಕ್ಕವಳು, ಇಪ್ಪತ್ತರ ಆಸುಪಾಸು, ಇಷ್ಟು ಸಣ್ಣ ಹುಡುಗಿ ಮಾಲೀಕಳೇ ಎಂದು ತನಗೂ ಆಶ್ಚರ್ಯವಾಯಿತು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಅಜ್ಜಿ ಅಧಿಕಾರಿಯ ಕಡೆ ಬಗ್ಗಿ ಕೇಳಿದರು. 'ನನ್ನ ಕೇಳಿದ್ಲಾ?'

ಅಧಿಕಾರಿಯನ್ನು ಕೇಳಿದೆ. ಅವರು ಏನೂ ಅರ್ಥವಾಗದೆ ಇಲ್ಲವೆಂದು ತಲೆಯಾಡಿಸಿದರು. ನಾನು ಅಜ್ಜಿಯ ಕಡೆ ತಿರುಗಿ, 'ಹೂಂ ಅಜ್ಜಿ, ಕೇಳಿದ್ರಂತೆ' ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಅಜ್ಜಿ ನನ್ನ ಮುಖವನ್ನೇ ನೋಡಿ, ಎದ್ದು ಒಳಗೆ ಹೋದರು.

ಸಂಜೆ ಹುಡುಗಿಯ ಅಪ್ಪ ಬಂದರು. ದೇವತೆಯ ಕತೆ ಎಲ್ಲಿಂದ ಹುಟ್ಟಿತು ಎಂದು ನನ್ನನ್ನೇ ಕೇಳಿದರು. ಅಮ್ಮನಿಗೆ ಸ್ವಂತ ಅಕ್ಕ ಒಬ್ಬರಿದ್ದರು, ಮದುವೆಗೆ ಮುಂಚೆಯೇ ಆ ಬಾವಿಯಲ್ಲಿ ಹೋದರು, ದೇಹ ಮೇಲೆತ್ತಿ ಅವತ್ತೇ ಚಪ್ಪಡಿ ಎಳೆದದ್ದು. ಅದಕ್ಕಿಂತ ಹೆಚ್ಚು ಅವರಿಗೂ ತಿಳಿಯದು, ಮನೆಯಲ್ಲಿ ಆ ಮಾತೇ ಎತ್ತುತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ. ಒಬ್ಬ ತಂಗಿ ತನ್ನ ಅಕ್ಕನಿಗೆ ವರ್ಷ ವರ್ಷ ಇಟ್ಟ ಬಾಗಿನವನ್ನು ನಾನು ಗಂಗಮ್ಮನ ಪೂಜೆ ಮಾಡಿ ತೀರ್ಪುಗಾರರಿಗೆ ಬಡಿಸಿದ್ದೆ. ಅಪ್ಪ ಹಿತ್ತಲಿಗೆ ಹೋಗಿ, ಹಣತೆ ಆರಿದ ಬಕೆಟ್ಟನ್ನು ನೋಡಿಕೊಂಡು ಬಂದರು. ಮುಚ್ಚೋದಿಲ್ಲ ಬಿಡಿ ಮೇಡಂ, ಆದ್ರೆ ನನ್ನ ಮಗಳು ಇಳಿಯೋ ಹಾಗಿಲ್ಲ ಎಂದರು.

ಪ್ರಶಸ್ತಿ ಬೇರೆ ಊರಿನ ತಂಡಕ್ಕೆ ಹೋಯಿತು. ನಾನು ಮತ್ತೆ ಹುಡುಕಾಟಕ್ಕೆ ಕೂತೆ. ಈ ಸಲ ಎಲ್ಲ ನಿಯಮಾವಳಿಯಲ್ಲೂ ಮೊದಲು ನೋಡಿದ್ದು ಒಂದೇ, ಅಪಾಯದ ಕೆಲಸವನ್ನು ಬಲ್ಲವರಿಂದ ಮಾಡಿಸಲು ಬಿಡುತ್ತಾರೋ ಇಲ್ಲವೋ. ಕೊನೆಗೆ ಜಯನಗರದ ನಿವೃತ್ತರ ಬಳಗವೊಂದು ಬಡಾವಣೆ ಕೆಲಸಗಳಿಗೆ ಕೊಡುವ ಸಣ್ಣ ಅನುದಾನ ಒದಗಿತು. ಯೋಜನೆ, ಮೇಲ್ವಿಚಾರಣೆ, ಮಳೆನೀರಿನ ಪೈಪು, ಬೀದಿಯವರನ್ನು ಸೇರಿಸುವುದು ಹುಡುಗರದು. ಇಳಿಯುವುದು ಕಸುಬುದಾರರದು. ಅಪಾಯದ ಪ್ರಶ್ನೆಗೆ ಎರಡು ಪುಟ ಬರೆದೆ. ಬಳಗದ ಹಿರಿಯರೊಬ್ಬರು ಫೋನ್ ಮಾಡಿ, ಇಷ್ಟೊಂದು ಹೆದರಿಸಿದರೆ ಯಾರಮ್ಮ ದುಡ್ಡು ಕೊಡ್ತಾರೆ ಎಂದರು. ಆದರೂ ಕೊಟ್ಟರು.

ಬಾವಿಯೊಳಗೆ ಬ್ಲೋವರ್ ಇಟ್ಟು ಹೊರಗಿನ ಗಾಳಿ ತುಂಬಿಸಿದರು. ದಿನಾ ಬೆಳಿಗ್ಗೆ ಹುಡುಗಿ ತಾನೇ ದೀಪ ಇಳಿಸುತ್ತಿದ್ದಳು. ದೀಪ ತಳದವರೆಗೆ ಉರಿದ ಮೇಲೆ ಕೆಲಸದವರು ಇಳಿದರು. ಹೂಳು ಬಕೆಟ್ ಬಕೆಟ್ಟಾಗಿ ಮೇಲೆ ಬಂತು. ಅದರಲ್ಲೊಂದು ದಿನ, ಹೊಟ್ಟೆ ನೆಗ್ಗಿದ ಒಂದು ಹಿತ್ತಾಳೆ ಬಿಂದಿಗೆ ಬಂತು. ಹುಡುಗಿ ಅದನ್ನು ತೊಳೆದು ಒಳಗೆ ಒಯ್ದಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಬಿಂದಿಗೆ ಹಿಡಿದು ಹಿಂಬಾಗಿಲಿಗೆ ಬಂದರು. ಹೊಸಿಲು ದಾಟಿದರು. ಹುಡುಗರೆಲ್ಲ ಗುದ್ದಲಿ ಕೆಳಗಿಟ್ಟರು. ಅಜ್ಜಿ ನಡೆದು ಬಾವಿಕಟ್ಟೆಯ ಪಕ್ಕ ನಿಂತು, ಬಿಂದಿಗೆ ತನ್ನ ಕೈಯಿಂದ ಜಾರಿದ್ದು ಎಂದರು. ಮನೆಯಲ್ಲಿ ಬೈಯುತ್ತಾರೆಂದು ಹೆದರಿ, ತೆಗೆಯಲು ತಾನೇ ಇಳಿದರಂತೆ. ಇಳಿದಿದ್ದಷ್ಟೇ ನೆನಪು, ಕಣ್ಣು ಕತ್ತಲೆಯಾಯಿತು, ಉಳಿದದ್ದು ಆಮೇಲೆ ಬೇರೆಯವರಿಂದ ಕೇಳಿದ್ದು. ಅಕ್ಕ ಮೂಗಿಗೆ ಸೆರಗು ಒತ್ತಿ ಹಿಂದೆಯೇ ಇಳಿದು, ತಂಗಿಯ ಸೊಂಟಕ್ಕೆ ಹಗ್ಗ ಕಟ್ಟಿದಳು. ಮೇಲಿದ್ದವರು ಎಳೆದುಕೊಂಡರು. ಹಗ್ಗವನ್ನು ಎರಡನೇ ಸಲ ಬಿಟ್ಟಾಗ ಅದನ್ನು ಹಿಡಿಯುವವರು ಕೆಳಗೆ ಇರಲಿಲ್ಲ. ತನಗೆ ಎಚ್ಚರ ಬಂದದ್ದು ಮಾರನೇ ದಿನ ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. 'ನೀನು ಅವತ್ತು ಹೇಳಿದ್ದು ಸುಳ್ಳು ಅಂತ ನಂಗೊತ್ತು ಕಣಮ್ಮ. ನನ್ನ ಕೇಳೋದು ಹೆಂಗೆ? ನಾನು ಉಳಿದಿದ್ದು ಅವಳಿಗೆ ಗೊತ್ತೇ ಇಲ್ವಲ್ಲ.'

ಹುಡುಗಿ ಅಜ್ಜಿಯ ತೋಳು ಹಿಡಿಯಲು ಹೋದಳು. ಅಜ್ಜಿ ಬಿಡಿಸಿಕೊಂಡರು. ಎರಡೂ ಕೈಯನ್ನು ಕಟ್ಟೆಯ ಮೇಲೂರಿ ಬಗ್ಗಿದರು.

'ಅಕ್ಕಾ' ಎಂದು ಕೂಗಿದರು. 'ನಾನು ಮೇಲಕ್ಕೆ ಬಂದೆ ಕಣಕ್ಕ. ಬದುಕಿದ್ದೀನಿ.'

ಹಾಗೆಯೇ ಬಗ್ಗಿ ನಿಂತರು, ಉತ್ತರ ಬರುವ ತನಕ ಅಲ್ಲಿಂದ ಏಳುವವರಲ್ಲ ಎನ್ನುವ ಹಾಗೆ.